ಲಕ್ವಾ ಹೊಡೆದ ಮೇಲೆ ಮೂರು ತಿಂಗಳು ಕಾಯಬೇಕೆ?

‘ಲಕ್ವಾ ಹೊಡೆದರೆ ಮೂರು ತಿಂಗಳು ಕೈಕಾಲು ಅಲುಗಾಡಿಸಬೇಡಿ, ಎಣ್ಣೆ ತಿಕ್ಕಿದರೆ ಸಾಕು’ ಎಂಬ ವಾಟ್ಸಾಪ್ ಸಂದೇಶ ಕಲಬುರಗಿ ಕಡೆ ಓಡಾಡುತ್ತಿದೆ. ಇದು ತಪ್ಪು, ಅಪಾಯಕಾರಿಯೂ ಹೌದು.

ರೋಗಿಯ ಸ್ಥಿತಿ ಹತೋಟಿಗೆ ಬಂದ ಮೇಲೆ, ಸಾಮಾನ್ಯವಾಗಿ 24ರಿಂದ 48 ಗಂಟೆಗಳಲ್ಲೇ, ವೈದ್ಯರ ಸಲಹೆಯಂತೆ ಫಿಸಿಯೋಥೆರಪಿ ಶುರುವಾಗುತ್ತದೆ. ಮಗ್ಗುಲು ಬದಲಿಸುವುದು, ಕೂರಿಸುವುದು, ಕೀಲುಗಳನ್ನು ಮೆಲ್ಲಗೆ ಆಡಿಸುವುದು ಮೊದಲ ಹೆಜ್ಜೆಗಳು. ಸುಮ್ಮನೆ ಮಲಗಿಸಿದರೆ ಕೀಲು ಬಿಗಿಯುತ್ತವೆ, ಬೆನ್ನಿಗೆ ಹುಣ್ಣಾಗುತ್ತದೆ. ಚೇತರಿಕೆ ಹೆಚ್ಚಾಗುವುದೂ ಮೊದಲ ತಿಂಗಳುಗಳಲ್ಲೇ. ಸುಮ್ಮನೆ ಮಲಗಿ ಕಳೆಯಿರಿ ಎಂದು ಆ ಸಂದೇಶ ಹೇಳುವುದು ಅದೇ ಕಾಲವನ್ನು! ಎಣ್ಣೆ ಹಚ್ಚಿ, ಬೇಡ ಅನ್ನುವುದಿಲ್ಲ. ಆದರೆ ಸೋತ ಕೈಯನ್ನು ಹಿಡಿದು ಎಳೆಯಬೇಡಿ, ಭುಜ ಜಾರೀತು.

ಫಿಸಿಯೋಥೆರಪಿಗೆ ಖಾಸಗಿ ಆಸ್ಪತ್ರೆಯೇ ಆಗಬೇಕೆಂದಿಲ್ಲ. ಜಿಲ್ಲಾ ಆಸ್ಪತ್ರೆಯ ಹೊರರೋಗಿ ಚೀಟಿ ಮಾಡಿಸಿ, ಚಿಕಿತ್ಸೆ ಪಡೆದ ಆಸ್ಪತ್ರೆ ಕೊಟ್ಟ ಬಿಡುಗಡೆ ಪತ್ರ (ಡಿಸ್ಚಾರ್ಜ್ ಸಮ್ಮರಿ) ತೋರಿಸಿ ಫಿಸಿಯೋಥೆರಪಿ ವಿಭಾಗ ಕೇಳಿ. ಮನೆಯವರೊಬ್ಬರು ಜೊತೆಗಿದ್ದು ವ್ಯಾಯಾಮ ಕಲಿತುಕೊಳ್ಳಲಿ.