ಎಡಗೈಗೂ ಕೆಲಸ ಕೊಡಿ

ಇವತ್ತು ಒಂದು ಡಿಸೈನ್ ಕ್ಲಾಸಿಗೆ ಹೋಗಿದ್ದೆ. ಬಂದಾಗಿನಿಂದ ತಳಮಳ, ಬರೆದೇ ಬಿಡುತ್ತೇನೆ.

ಒಬ್ಬ ಹುಡುಗಿ ಪೆನ್ ಟ್ಯಾಬ್ಲೆಟ್‌ನಲ್ಲಿ ಗಿಳಿಯ ರೆಕ್ಕೆ ಬರೆಯುತ್ತಿದ್ದಳು. ಎಷ್ಟು ಚೆಂದದ ಗೆರೆ! ಆದರೆ ಬ್ರಷ್ ಸ್ವಲ್ಪ ಸಣ್ಣ ಮಾಡಬೇಕು ಅಂದರೆ ಪೆನ್ನು ರೆಕ್ಕೆ ಬಿಟ್ಟು ಸ್ಕ್ರೀನಿನ ಮೂಲೆಗೆ ಹೋಗಬೇಕು, ಸ್ಲೈಡರ್ ಎಳೆಯಬೇಕು, ವಾಪಸ್ ಬಂದು ಗೆರೆ ಎಲ್ಲಿ ನಿಂತಿತ್ತು ಅಂತ ಹುಡುಕಬೇಕು. ಒಂದೇ ಗರಿಗೆ ನಾಲ್ಕು ಸಲ. ಅಷ್ಟೂ ಹೊತ್ತು ಅವಳ ಎಡಗೈ ತೊಡೆ ಮೇಲೆ ಸುಮ್ನೆ ಬಿದ್ದಿತ್ತು.

ನಮ್ಮಪ್ಪ ಬೋರ್ಡ್ ಬರೆಯುತ್ತಿದ್ದರು. ಅವರ ಎಡಗೈಯಲ್ಲಿ ತುದಿಗೆ ಬಟ್ಟೆ ಸುತ್ತಿದ ಕೋಲು. ಅದನ್ನು ಬೋರ್ಡಿಗೆ ಆನಿಸಿ, ಬಲಗೈ ಮಣಿಕಟ್ಟನ್ನು ಅದರ ಮೇಲಿಟ್ಟು ಬ್ರಷ್ ಎಳೆಯುತ್ತಿದ್ದರು. ಕೋಲು ಚೂರು ಜಾರಿದರೂ ‘ಳ’ದ ಸುತ್ತು ಕೆಟ್ಟಿತು. ಅಕ್ಷರ ಬರೆಯುತ್ತಿದ್ದದ್ದು ಎರಡೂ ಕೈ. ಫ್ರಾನ್ಸಿನ ಸಂಶೋಧಕ ಈವ್ ಗಿಯಾರ್ 1987ರಲ್ಲಿ ಹೇಳಿದ್ದೂ ಇದನ್ನೇ. ಬಲಗೈಯವರಲ್ಲಿ ಎಡಗೈ ಮೊದಲು ಜಾಗ ಹೊಂದಿಸಿ ಕೊಡುತ್ತದೆ, ಆಮೇಲೆ ಬಲಗೈ ನಾಜೂಕಿನ ಕೆಲಸ ಮಾಡುತ್ತದೆ.

ಕಂಪ್ಯೂಟರಿನವರಿಗೆ ಗೊತ್ತಿರಲಿಲ್ಲ ಅನ್ನೋ ಹಾಗೂ ಇಲ್ಲ. 1968ರಲ್ಲಿ ಅಮೆರಿಕದ ಕಂಪ್ಯೂಟರ್ ಸಂಶೋಧಕ ಎಂಗೆಲ್‌ಬಾರ್ಟ್ ಸಭೆಯ ಮುಂದೆ ಮೌಸ್ ತೋರಿಸಿದಾಗ ಅವರ ಎಡಗೈ ಕೆಳಗೆ ಐದು ಕೀಗಳ ಪುಟ್ಟ ಸಾಧನ ಇತ್ತು. ಮೌಸ್ ಮನೆಮನೆಗೆ ಬಂತು, ಎಡಗೈದು ಬರಲಿಲ್ಲ. 1993ರಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧಕರು ಮತ್ತು ಜೊತೆಗಾರರು ಟೂಲ್‌ಗ್ಲಾಸ್ ತೋರಿಸಿದರು. ಸ್ಕ್ರೀನಿನಲ್ಲೇ ಕಾಣುವ, ಬಣ್ಣಗಳಿರುವ ಗಾಜಿನಂಥ ಹಾಳೆಯನ್ನು ಎಡಗೈಯಿಂದ ಚಿತ್ರದ ಮೇಲೆ ಸರಿಸಿ, ಬಲಗೈಯಿಂದ ಅದರ ಮೂಲಕವೇ ಕ್ಲಿಕ್ ಮಾಡುವುದು. ಮೂಲೆಗೆ ಹೋಗುವ ಕೆಲಸವೇ ಇಲ್ಲ! 30 ವರ್ಷ ದಾಟಿತು, ಈ ಹುಡುಗಿ ಇನ್ನೂ ಮೂಲೆಗೆ ಹೋಗಿ ಬರುತ್ತಿದ್ದಾಳೆ.

“ಶಾರ್ಟ್‌ಕಟ್ ಇದೆಯಲ್ಲ ಸಾರ್” ಅಂದರು ಅಲ್ಲಿನ ಮೇಷ್ಟ್ರು. ಇದೆ. ಆದರೆ ಕೀ ಒತ್ತುವುದು ಬೇರೆ, ಹದ ನೋಡಿಕೊಂಡು ತಿರುಗಿಸುವುದು ಬೇರೆ. ಕತ್ತರಿಯಲ್ಲಿ ಕಾಗದ ದುಂಡಗೆ ಕತ್ತರಿಸುವಾಗ ಕತ್ತರಿಗಿಂತ ಜಾಸ್ತಿ ತಿರುಗುವುದು ಎಡಗೈಲಿರೋ ಕಾಗದ ಅಲ್ವಾ?

ನನಗೆ ಇಷ್ಟು ಸಿಟ್ಟು ಬರೋದಕ್ಕೆ ಕಾರಣ ಇದೆ. ಹೋದ ವರ್ಷ ಬಲ ಮಣಿಕಟ್ಟು ನೋವಿಗೆ ಮೂರು ತಿಂಗಳು ಪೆನ್ನು ಹಿಡಿದಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಇನ್ನು ಈ ಕೆಲಸ ಆಗಲ್ಲ ಅಂತ ಅತ್ತಿದ್ದೇನೆ. ಆಮೇಲೆ ಎಡಗೈಗೆ ಒಂದು ಡಯಲ್ ಕೊಂಡೆ, ಕಂಪ್ಯೂಟರಿಗೆ ಜೋಡಿಸಿ ತಿರುಗಿಸುವ ಗುಂಡಿ. ಜೂಮ್, ಕ್ಯಾನ್ವಾಸ್ ತಿರುಗಿಸುವುದು, ಬ್ರಷ್ ಅಳತೆ ಎಲ್ಲ ಅದರ ಪಾಲಿಗೆ ಹೋಯಿತು. ಮೊದಲ ವಾರ ಕೈ ತಡವರಿಸಿತು, ಆಮೇಲೆ ಡಯಲ್ ಕಡೆ ನೋಡುವುದನ್ನೇ ಬಿಟ್ಟೆ.

ಇವತ್ತು ಅದು ಬ್ಯಾಗಿನಲ್ಲಿತ್ತು. ಅವಳ ಎಡಗೈ ಕೆಳಗೆ ಇಟ್ಟೆ. ಎರಡು ಸಲ ಜಾಸ್ತಿ ತಿರುಗಿಸಿದಳು, ಮೂರನೇ ಸಲ ಸರಿಹೋಯಿತು. ಉಳಿದ ಗರಿಗಳು ಮುಗಿಯುವವರೆಗೂ ಪೆನ್ನು ಗಿಳಿ ಬಿಟ್ಟು ಆಚೆ ಹೋಗಲಿಲ್ಲ. “ಶುಕ್ರವಾರದವರೆಗೂ ಇಟ್ಕೊಳ್ಳಲಾ ಸಾರ್?” ಅಂದಳು. ಕೊಟ್ಟು ಬಂದಿದ್ದೇನೆ.