ಪ್ರಬಂಧ ಆರಿಸುವಾಗ ಹೆಸರು ಮುಚ್ಚಿಡಬೇಕೆ?

ಕಾಲೇಜುಗಳಲ್ಲಿ ವಿಚಾರ ಸಂಕಿರಣಕ್ಕೆ ಸಾರಲೇಖಗಳನ್ನು (ಮಂಡಿಸಲಿರುವ ಪ್ರಬಂಧದ ಚಿಕ್ಕ ಸಾರಾಂಶಗಳನ್ನು) ಕರೆದು, ಆರಿಸಿ, ಗೋಷ್ಠಿಗಳಿಗೆ ಹಂಚುವ ಹೊಣೆ ಹೊತ್ತವರಿಗೆ ಪ್ರತಿ ಸಲವೂ ಎದುರಾಗುವ ಪ್ರಶ್ನೆ ಇದು: ಆಯ್ಕೆ ಸಮಿತಿಗೆ ಬರೆದವರ ಹೆಸರು ತೋರಿಸಬೇಕೆ, ಬೇಡವೆ? ಕೊಡಗಿನಲ್ಲಿ ಈ ಕೆಲಸ ಮಾಡಿರುವ ಇಬ್ಬರನ್ನು ಒಂದೊಂದು ಪಕ್ಷ ವಹಿಸಿ ಬರೆಯಲು ಕೇಳಿಕೊಂಡೆವು.

ಪರ: ಹೆಸರು ಕಂಡರೆ ಓದುವುದು ನಿಲ್ಲುತ್ತದೆ
(ಮಡಿಕೇರಿಯ ಕಾಲೇಜು ಉಪನ್ಯಾಸಕಿ)

ಆಯ್ಕೆ ಸಮಿತಿಯ ಸಭೆಯಲ್ಲಿ ಸಾರಲೇಖದ ಹಾಳೆ ಕೈಗೆ ಬಂದೊಡನೆ ಎಲ್ಲರ ಕಣ್ಣು ಹೋಗುವುದು ಶೀರ್ಷಿಕೆಯ ಕೆಳಗಿನ ಸಾಲಿಗೆ. ಹೆಸರು, ಹುದ್ದೆ, ಕಾಲೇಜು ಇರುವುದು ಅಲ್ಲಿ. ಕೊಡಗಿನಲ್ಲಂತೂ ಹೆಸರೊಂದೇ ಎಷ್ಟೋ ಸಂಗತಿ ಹೇಳಿಬಿಡುತ್ತದೆ. ಕೊಡವರ ಹೆಸರಾದರೆ ಮನೆಹೆಸರು ಮೊದಲೇ ಇರುವುದರಿಂದ ಯಾವ ಒಕ್ಕ (ಮನೆತನ), ಯಾವ ನಾಡು, ಯಾರಿಗೆ ನೆಂಟರು ಎಂಬುದು ಅರೆಗಳಿಗೆಯಲ್ಲಿ ತಿಳಿಯುತ್ತದೆ. ಅರೆಭಾಷೆ ಗೌಡರ ಮನೆಹೆಸರೂ ಹಾಗೆಯೇ. ಎರಡೂ ಅಲ್ಲದಿದ್ದರೆ ‘ಇವರು ಎಲ್ಲಿಯವರು?’ ಎಂದು ಒಬ್ಬರು ಕೇಳುತ್ತಾರೆ, ‘ಆ ಕಾಲೇಜಿನಲ್ಲಿ ಗೆಸ್ಟ್ ಲೆಕ್ಚರರ್ ಅಂತೆ’ ಎಂದು ಇನ್ನೊಬ್ಬರು ಹೇಳುತ್ತಾರೆ. ಇಷ್ಟಾಗುವಷ್ಟರಲ್ಲಿ ತೀರ್ಮಾನ ಆಗಿಹೋಗಿರುತ್ತದೆ. ಹೆಸರಿನ ಕೆಳಗಿರುವ ಮುನ್ನೂರು ಪದಗಳನ್ನು ಯಾರೂ ಓದಿರುವುದಿಲ್ಲ.

ಹೆಸರು ಮುಚ್ಚಿದರೆ ಸಮಿತಿ ಓದಲೇಬೇಕಾಗುತ್ತದೆ. ನ್ಯಾಯ, ಸಮಾನತೆ ಎಲ್ಲ ಅದರ ಹಿಂದೆ ತಾವಾಗಿ ಬರುತ್ತವೆ.

ಇದು ನನ್ನೊಬ್ಬಳ ಗುಮಾನಿಯಲ್ಲ. 2022ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಒಂದೇ ಪ್ರಬಂಧವನ್ನು, ಪ್ರಕಟಿಸಬಹುದೇ ಎಂದು ಓದಿ ಹೇಳುವ ನೂರಾರು ವಿಮರ್ಶಕರಿಗೆ ಕೊಟ್ಟರು. ಬರೆದವರು ಇಬ್ಬರು. ಒಬ್ಬರು ಅರ್ಥಶಾಸ್ತ್ರದ ನೊಬೆಲ್ ಪಡೆದ ವರ್ನನ್ ಸ್ಮಿತ್, ಇನ್ನೊಬ್ಬರು ಅಷ್ಟೇನೂ ಹೆಸರಾಗದ ಕಿರಿಯ ಸಂಶೋಧಕ. ಕಿರಿಯರ ಹೆಸರು ಮಾತ್ರ ಕಂಡವರಲ್ಲಿ ಶೇ. 65 ಮಂದಿ ‘ತಿರಸ್ಕರಿಸಿ’ ಎಂದರು. ಸ್ಮಿತ್ ಹೆಸರು ಕಂಡವರಲ್ಲಿ ಹಾಗೆಂದವರು ಶೇ. 23 ಮಾತ್ರ. ಯಾವ ಹೆಸರೂ ಕಾಣದವರಲ್ಲಿ ಶೇ. 48. ಬರಹದಲ್ಲಿ ಒಂದಕ್ಷರದ ವ್ಯತ್ಯಾಸ ಇರಲಿಲ್ಲ. ಅದಕ್ಕೂ ಮೊದಲು, 2017ರ ಡಬ್ಲ್ಯುಎಸ್‌ಡಿಎಂ ಎಂಬ ಕಂಪ್ಯೂಟರ್ ವಿಜ್ಞಾನದ ಸಮ್ಮೇಳನದಲ್ಲಿ ಪ್ರತಿ ಪ್ರಬಂಧವನ್ನೂ ಹೆಸರು ಕಾಣುವ ವಿಮರ್ಶಕರಿಗೂ ಕಾಣದವರಿಗೂ ಕೊಟ್ಟು ನೋಡಿದ್ದರು. ಹೆಸರು ಕಂಡವರು ಪ್ರಸಿದ್ಧ ಲೇಖಕರ, ದೊಡ್ಡ ವಿಶ್ವವಿದ್ಯಾಲಯಗಳ, ದೊಡ್ಡ ಕಂಪನಿಗಳ ಕಡೆಗೆ ವಾಲಿದರು. ಅಷ್ಟು ದೊಡ್ಡ ವಿದ್ವಾಂಸರೇ ವಾಲುವುದಾದರೆ ನಾವು ವಾಲುವುದಿಲ್ಲ ಎಂದು ಯಾವ ಧೈರ್ಯದಲ್ಲಿ ಹೇಳೋಣ?

ಕೆಲವು ವರ್ಷಗಳ ಹಿಂದೆ ಜಿಲ್ಲೆಯ ಒಂದು ಸಂಕಿರಣದಲ್ಲಿ ಸಾರಲೇಖಗಳನ್ನು ಒಟ್ಟುಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡ ಕುಸಿದ ಮೇಲೆ ಭೂಕುಸಿತ ಎಂಬ ವಿಷಯಕ್ಕೆ ಎಲ್ಲಿಲ್ಲದ ಬೇಡಿಕೆ. ಬಂದ ಬರಹಗಳಲ್ಲಿ ಹೆಚ್ಚಿನವು ಪತ್ರಿಕೆಯಲ್ಲಿ ಬಂದದ್ದನ್ನೇ ತಿರುಗಿಸಿ ಬರೆದಂಥವು. ಅವುಗಳ ನಡುವೆ ಒಂದು ಬೇರೆಯಾಗಿತ್ತು.

ಇಲ್ಲಿಯ ತೋಟದ ಮನೆಗಳಲ್ಲಿ ಮಳೆ ಅಳೆಯುವ ರೂಢಿ ಬಹಳ ಹಳೆಯದು. ಕಣದ ಬದಿಯಲ್ಲಿ ಮಾಪಕ ಇರುತ್ತದೆ. ಬೆಳಿಗ್ಗೆ ಅದರ ನೀರನ್ನು ಗಾಜಿನ ಅಳತೆಗೆ ಸುರಿದು ಇಂಚು-ಸೆಂಟಿನಲ್ಲಿ ಪುಸ್ತಕಕ್ಕೆ ಬರೆಯುತ್ತಾರೆ. ಕಾಫಿ ಹೂವರಳಿಸುವ ಹೂಮಳೆ ಎಷ್ಟು ಬಿತ್ತು, ಎಂದು ಬಿತ್ತು ಎಂಬುದರ ಮೇಲೆ ವರ್ಷದ ಕಾಫಿ ನಿಂತಿರುವುದರಿಂದ ಈ ಲೆಕ್ಕದಲ್ಲಿ ಯಾರೂ ಉದಾಸೀನ ಮಾಡುವುದಿಲ್ಲ. ಒಬ್ಬ ಅತಿಥಿ ಉಪನ್ಯಾಸಕ ಅಕ್ಕಪಕ್ಕದ ತೋಟಗಳ ಇಂಥ ಪುಸ್ತಕಗಳನ್ನು ತರಿಸಿಕೊಂಡು, ಆ ಆಗಸ್ಟ್‌ನ ಒಂದೊಂದು ದಿನದ ಮಳೆಯನ್ನು ಹೋಲಿಸಿದ್ದ. ಒಂದು ಏರಿನ ಈ ಬದಿಗೂ ಆ ಬದಿಗೂ ಬಿದ್ದ ಮಳೆಯಲ್ಲಿ ಎಷ್ಟು ಅಂತರವಿತ್ತು, ತಾಲೂಕಿಗೊಂದು ಅಂಕಿ ಹಿಡಿದು ಮಾತಾಡಿದರೆ ಏನು ತಪ್ಪಿಹೋಗುತ್ತದೆ ಎಂಬುದೇ ಅವನ ಮಾತು. ಭಾಷೆ ಒರಟಾಗಿತ್ತು. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ ಕಳಿಸಿದ್ದರಿಂದ ಮೇಲ್‌ನಲ್ಲಿ ಅಕ್ಷರವೆಲ್ಲ ಕಲಸಿಹೋಗಿತ್ತು. ನಾನೇ ಯೂನಿಕೋಡ್‌ಗೆ ತಿರುಗಿಸಿ, ತಿದ್ದಿ, ಮುದ್ರಿಸಿಕೊಂಡು ಸಭೆಗೆ ಒಯ್ದೆ.

ಸಭೆಯಲ್ಲಿ ‘ಗೆಸ್ಟಾ? ಉಳಿದರೆ ನೋಡೋಣ’ ಎಂದರು. ಹಾಳೆ ಮೇಜಿನ ಆ ತುದಿಗೆ ಹೋಯಿತು. ಅದೇ ಸಭೆಯಲ್ಲಿ, ಹೊರಜಿಲ್ಲೆಯ ಹಿರಿಯ ಪ್ರಾಧ್ಯಾಪಕರೊಬ್ಬರು ವಾಟ್ಸಾಪ್‌ನಲ್ಲಿ ಕಳಿಸಿದ ಎರಡು ಸಾಲಿಗೆ ಬೆಳಗಿನ ಮೊದಲ ಗೋಷ್ಠಿಯಲ್ಲಿ ಮುಕ್ಕಾಲು ಗಂಟೆ ಸಿಕ್ಕಿತು. ಅವರು ಬಂದರು, ಹವಾಮಾನ ಬದಲಾವಣೆಯ ಬಗ್ಗೆ ಎಲ್ಲರಿಗೂ ತಿಳಿದಿದ್ದನ್ನು ಹೇಳಿದರು, ಶಾಲು ಹೊದಿಸಿಕೊಂಡು ಊಟಕ್ಕೆ ಮೊದಲೇ ಹೊರಟರು. ಮಳೆ ಪುಸ್ತಕದ ಹುಡುಗನಿಗೆ ಕೊನೆಗೂ ಜಾಗ ಉಳಿಯಲಿಲ್ಲ. ಈಗ ಅವನು ಕೇರಳದ ಖಾಸಗಿ ಶಾಲೆಯೊಂದರಲ್ಲಿದ್ದಾನೆ. ಆ ಪುಸ್ತಕಗಳು ಮರಳಿ ತೋಟದ ಮನೆಗಳಿಗೆ ಹೋದವು. ಅಂಥ ಪುಸ್ತಕ ಗೆದ್ದಲು ಹಿಡಿದರೆ ಇನ್ನೊಂದು ಪ್ರತಿ ಯಾರಲ್ಲೂ ಇರುವುದಿಲ್ಲ. ಈ ಸಿಟ್ಟು ನನಗೆ ಇವತ್ತಿಗೂ ಆರಿಲ್ಲ, ಆರಬೇಕು ಎಂದೂ ಅನಿಸಿಲ್ಲ.

ಮುಂದೆ ಬೇರೊಂದು ಸಂಕಿರಣದಲ್ಲಿ ಸಂಯೋಜಕಿಯಾದಾಗ ಹಟ ಹಿಡಿದು ಪದ್ಧತಿ ಬದಲಿಸಿದೆ. ಸಾರಲೇಖ ಬಂದೊಡನೆ ಅದಕ್ಕೊಂದು ಸಂಖ್ಯೆ. ಹೆಸರಿನ ಪಟ್ಟಿ ನನ್ನೊಬ್ಬಳ ಹತ್ತಿರ. ವರ್ಡ್ ಫೈಲ್‌ನ ಪ್ರಾಪರ್ಟೀಸ್‌ನಲ್ಲಿ ಹೆಸರು ಅಡಗಿರುತ್ತದೆ, ಅದನ್ನೂ ಅಳಿಸಬೇಕು. ಒಂದೊಂದನ್ನೂ ಇಬ್ಬರು ಓದಿ ಅಂಕ ಕೊಡಬೇಕು, ಇಬ್ಬರ ನಡುವೆ ಬಹಳ ಅಂತರ ಬಂದರೆ ಮೂರನೆಯವರು ನೋಡಬೇಕು. ತನ್ನ ವಿದ್ಯಾರ್ಥಿಯದ್ದು ಎನಿಸಿದರೆ ಬಾಯಿಬಿಟ್ಟು ಹೇಳಿ ಅದನ್ನು ಬೇರೆಯವರಿಗೆ ದಾಟಿಸಬೇಕು. ಕೆಲಸ ಹೆಚ್ಚಾಯಿತು ನಿಜ. ಆದರೆ ಆ ಸಭೆ ಬೇರೆಯೇ ಆಗಿತ್ತು. ಇಬ್ಬರು ಹಿರಿಯರು ಒಂದು ಸಾರಲೇಖದ ಮೂರನೆಯ ವಾಕ್ಯಕ್ಕೆ ಆಧಾರ ಇದೆಯೋ ಇಲ್ಲವೋ ಎಂದು ಚಹಾ ತಣಿಯುವವರೆಗೂ ಜಗಳವಾಡಿದರು. ಸಮಿತಿಯಲ್ಲಿ ಬರಹದ ಬಗ್ಗೆ ಜಗಳ ನಾನು ಕಂಡದ್ದು ಅದೇ ಮೊದಲು.

‘ಇಲ್ಲಿ ಎಲ್ಲರಿಗೂ ಎಲ್ಲರ ಪರಿಚಯ, ವಿಷಯ ನೋಡಿದರೇ ಬರೆದವರು ಯಾರೆಂದು ಗೊತ್ತಾಗುತ್ತದೆ’ ಎನ್ನುವವರಿದ್ದಾರೆ. ಬೀಗ ಒಡೆಯಲು ಬರುತ್ತದೆಂದು ಯಾರೂ ಬಾಗಿಲು ತೆರೆದಿಟ್ಟು ಹೋಗುವುದಿಲ್ಲ. ಅಷ್ಟಕ್ಕೂ ಹಾಗೆ ಹೇಳುವವರು ಸಾಮಾನ್ಯವಾಗಿ ಓದುವ ಶ್ರಮ ಬೇಡವೆನ್ನುವವರೇ.

ಇನ್ನೊಂದು ಮಾತು. 2016ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದಂತೆ ಪಿಎಚ್‌ಡಿ ಪ್ರಬಂಧ ಸಲ್ಲಿಸುವ ಮೊದಲು ಎರಡು ಸಮ್ಮೇಳನಗಳಲ್ಲಿ ಮಂಡನೆ ಮಾಡಿರಲೇಬೇಕಿತ್ತು. ಹಾಗಾಗಿ ಪ್ರಮಾಣಪತ್ರಕ್ಕೆಂದೇ ಬರುವವರ ಸಾಲು ಇತ್ತು, ಎಲ್ಲರನ್ನೂ ಸೇರಿಸಿಕೊಳ್ಳಿ ಎಂಬ ಒತ್ತಡವೂ ಇತ್ತು. 2022ರ ನಿಯಮ ಆ ಕಡ್ಡಾಯವನ್ನು ತೆಗೆದಿದೆ. ಚಿಕ್ಕ ಅಳುವಾರದಲ್ಲಿ ನಮಗೆ ನಮ್ಮದೇ ಕೊಡಗು ವಿಶ್ವವಿದ್ಯಾಲಯವೂ ಬಂದಿದೆ. ಆಯ್ಕೆ ಎಂಬ ಮಾತಿಗೆ ಬೆಲೆ ತರಲು ಇದಕ್ಕಿಂತ ಒಳ್ಳೆಯ ಕಾಲ ಯಾವುದು? ಮುಂದಿನ ಸುತ್ತೋಲೆಯಲ್ಲೇ ‘ಸಾರಲೇಖದ ಹಾಳೆಯಲ್ಲಿ ಹೆಸರು ಬರೆಯಬಾರದು’ ಎಂಬ ಒಂದು ಸಾಲು ಸೇರಿಸಲಿ.

ವಿರೋಧ: ಸಂಕಿರಣವೆಂದರೆ ಪರೀಕ್ಷೆಯಲ್ಲ
(ಗೋಣಿಕೊಪ್ಪಲಿನ ನಿವೃತ್ತ ಪ್ರಾಧ್ಯಾಪಕ)

ಹೆಸರು ತೋರಿಸಬೇಕು ಎಂಬ ಪಕ್ಷವನ್ನು ಸಂಪಾದಕರು ನನಗೆ ವಹಿಸಿದ್ದಾರೆ. ಹೆಸರು ಮುಚ್ಚುವುದರಲ್ಲಿ ಒಳ್ಳೆಯದೇನೂ ಇಲ್ಲವೆಂದು ನಾನು ಹೇಳಲಾರೆ. ಸಂಶೋಧನ ವಿದ್ಯಾರ್ಥಿಗಳ ಗೋಷ್ಠಿಗೆ ಅದು ಸರಿಯೇ ಇರಬಹುದು. ಆದರೆ ಎಲ್ಲ ಕಡೆಗೂ ಅದನ್ನೇ ನಿಯಮ ಮಾಡಿದರೆ ನಷ್ಟವಿದೆ, ಅದನ್ನು ಹೇಳುವವರೂ ಬೇಕು.

ಮೊದಲನೆಯದಾಗಿ, ಇದು ದೊಡ್ಡ ಊರಿನ ಪದ್ಧತಿ. ಸಾವಿರಾರು ಪ್ರಬಂಧಗಳು ಬರುವ ಕಡೆ, ವಿಮರ್ಶಕರಿಗೂ ಲೇಖಕರಿಗೂ ಮುಖಪರಿಚಯವೇ ಇಲ್ಲದ ಕಡೆ ಅದು ನಡೆಯುತ್ತದೆ. ನಮ್ಮ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಲ್ಲಿ ಐದೂವರೆ ಲಕ್ಷ. ಇಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅವುಗಳ ಮೇಲೆ ಕೂತು ಕೆಲಸ ಮಾಡಿದವರು ಮಾತ್ರ ಬೆರಳೆಣಿಕೆಯಷ್ಟು. ಯಾವ ನಾಡಿನ ಕಾಡು, ಯಾವ ಹಬ್ಬದ ಪ್ರಸ್ತಾಪ ಎಂದು ನೋಡಿದರೆ ಸಾಕು, ಬರೆದವರು ಪೊನ್ನಂಪೇಟೆಯ ಅರಣ್ಯ ಕಾಲೇಜಿನವರೋ ಬೇರೆಯವರೋ ಎಂದು ಗೊತ್ತಾಗುತ್ತದೆ. ಏಲಕ್ಕಿಯಾದರೆ ಅಪ್ಪಂಗಳದ, ಕಾಫಿಯಾದರೆ ಚೆಟ್ಟಳ್ಳಿಯ ಸಂಶೋಧನಾ ಕೇಂದ್ರದವರು. ಎಲ್ಲರಿಗೂ ಗೊತ್ತಿರುವುದನ್ನು ಗೊತ್ತಿಲ್ಲ ಎಂದು ನಡೆದುಕೊಳ್ಳುವ ಸಮಿತಿಯಲ್ಲಿ ಪಕ್ಷಪಾತ ಹೋಗುವುದಿಲ್ಲ. ಅದರ ಬಗ್ಗೆ ಮಾತಾಡುವ ದಾರಿ ಮಾತ್ರ ಮುಚ್ಚುತ್ತದೆ. ಹೆಸರು ಮೇಜಿನ ಮೇಲಿದ್ದರೆ ‘ಇವರು ನಿಮ್ಮ ಶಿಷ್ಯರಲ್ಲವೆ, ನೀವು ಅಂಕ ಕೊಡಬೇಡಿ’ ಎಂದು ಎದುರಿಗೇ ಹೇಳಬಹುದು.

ಎರಡನೆಯದು, ಹೆಸರು ಮುಚ್ಚಿದ ಮಾತ್ರಕ್ಕೆ ಸರಿಯಾದದ್ದೇ ಆರಿಸಿಬರುತ್ತದೆ ಎಂಬ ನಂಬಿಕೆ. ಎನ್‌ಐಪಿಎಸ್ (ಈಗ ನ್ಯೂರಿಪ್ಸ್) ಎಂಬ ಕಂಪ್ಯೂಟರ್ ವಿಜ್ಞಾನದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ವಿಮರ್ಶಕರಿಗೆ ಹೆಸರು ತೋರಿಸುವುದಿಲ್ಲ. 2014ರಲ್ಲಿ ಅವರು 166 ಪ್ರಬಂಧಗಳನ್ನು ಎರಡು ಬೇರೆ ಬೇರೆ ಸಮಿತಿಗಳಿಗೆ ಕೊಟ್ಟರು. 43ರಲ್ಲಿ ಎರಡೂ ಸಮಿತಿಗಳ ತೀರ್ಮಾನ ಬೇರೆಯಾಯಿತು. ಒಂದು ಸಮಿತಿ ಆರಿಸಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಇನ್ನೊಂದು ಬಿಟ್ಟಿತು. ಹೆಸರು ಕಾಣದೆಯೂ ಇಷ್ಟು ಅದೃಷ್ಟದ ಆಟ ಇರುವಾಗ, ಬರೆದವರ ಹಿಂದಿನ ಕೆಲಸದ ಅರಿವು ಒಂದಿಷ್ಟು ಆಸರೆಯಾದರೆ ತಪ್ಪೇನು? ಹೆಸರು ಮುಚ್ಚಬೇಕೆನ್ನುವವರ ಮಾತು ಕೇಳಿದರೆ ಹೆಸರು ಮಾಡಿದವರೆಲ್ಲ ಓದದೆ ಬರೆಯದೆ ಹೆಸರು ಮಾಡಿದವರು ಎನಿಸಬೇಕು. ಇಪ್ಪತ್ತು ವರ್ಷ ಒಂದೇ ವಿಷಯದ ಹಿಂದೆ ಬಿದ್ದವರ ಹೆಸರು ಅವರ ಶ್ರಮದ ಗಳಿಕೆ.

ನನಗೆ ನಿಜವಾಗಿ ಮುಖ್ಯವೆನಿಸುವುದು ಮೂರನೆಯದು. ಸಾರಲೇಖ ಬರೆಯುವುದು ಒಂದು ಕಲೆ, ತಿಳಿವಳಿಕೆ ಇನ್ನೊಂದು. ಆನೆ-ಮನುಷ್ಯ ಸಂಘರ್ಷದ ಬಗ್ಗೆ ನಾವು ನಡೆಸಿದ ಒಂದು ಸಂಕಿರಣಕ್ಕೆ ತಿತಿಮತಿ ಕಡೆಯ ನಿವೃತ್ತ ಫಾರೆಸ್ಟ್ ವಾಚರ್ ಒಬ್ಬರನ್ನು ಕರೆದಿದ್ದೆವು. ಅವರು ಬರೆದುಕೊಟ್ಟದ್ದು ಪೆನ್ಸಿಲ್‌ನಲ್ಲಿ ನಾಲ್ಕು ಸಾಲು: ‘ಆನೆ ತೋಟಕ್ಕೆ ಬರುವುದು ಹಲಸಿಗೆ ಮಾತ್ರ ಅಲ್ಲ, ಬೇಸಿಗೆಯಲ್ಲಿ ಕೆರೆಗೂ ಬರುತ್ತದೆ, ಯಾವ ತೋಟದ ಯಾವ ಕೆರೆ ಎಂದು ಹೇಳುತ್ತೇನೆ.’ ಉದ್ದೇಶವಿಲ್ಲ, ವಿಧಾನವಿಲ್ಲ, ಪರಾಮರ್ಶನವಿಲ್ಲ. ಸಂಖ್ಯೆ ಹಾಕಿ ಹೊರಗಿನ ವಿಮರ್ಶಕರಿಗೆ ಕಳಿಸಿದ್ದರೆ ಮೊದಲ ಸುತ್ತಿನಲ್ಲೇ ಬಿದ್ದುಹೋಗುತ್ತಿತ್ತು. ಅವರ ಹೆಸರು ಸಮಿತಿಯಲ್ಲಿ ಮೂವರಿಗೆ ಗೊತ್ತಿತ್ತು, ರಾತ್ರಿ ಪಾಳಿಯಲ್ಲಿ ಅವರ ಜೊತೆ ನಡೆದವರೂ ಒಬ್ಬರಿದ್ದರು. ಹಾಗಾಗಿ ಇಪ್ಪತ್ತು ನಿಮಿಷ ಕೊಟ್ಟೆವು. ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ತೋಡು, ಬೇಲಿ, ಕೆರೆ, ಸೋಲಾರ್ ತಂತಿ ಎಲ್ಲ ಗುರುತಿಸುತ್ತ, ಒಂದು ಹಿಂಡು ತಂತಿಯ ಕಂಬಕ್ಕೆ ಮರ ಕೆಡವಿ ದಾಟುವ ಜಾಗ ತೋರಿಸಿದರು. ಸಭೆಯಲ್ಲಿದ್ದ ತೋಟಗಾರರು ‘ಅದು ನಮ್ಮದೇ ಗೇಟು’ ಎಂದು ಎದ್ದು ನಿಂತರು. ಪ್ರಶ್ನೋತ್ತರಕ್ಕೆ ಇಟ್ಟ ಸಮಯ ಸಾಲದೆ ಊಟದ ಸಾಲಿನಲ್ಲೂ ಅವರನ್ನು ಬಿಡಲಿಲ್ಲ.

ಜೇನುಕುರುಬರ, ಎರವರ ಹಾಡಿಗಳ (ಬುಡಕಟ್ಟು ಜನರ ವಸತಿಗಳ) ವಿಷಯದಲ್ಲೂ ಹೀಗೆಯೇ. ನಾಗರಹೊಳೆಯ ಅಂಚಿನ ಹಾಡಿಯಲ್ಲಿ ಹುಟ್ಟಿ ಬೆಳೆದ ಹುಡುಗಿ ತನ್ನ ಜನರ ಬಗ್ಗೆ ಮಾತಾಡುವುದಕ್ಕೂ ಎರಡು ವಾರ ಬಂದುಹೋದವರು ಮಾತಾಡುವುದಕ್ಕೂ ವ್ಯತ್ಯಾಸವಿದೆ. ಹೆಸರು, ಊರು ಅಳಿಸಿದರೆ ಅಂದವಾಗಿ ಬರೆದವರು ಗೆಲ್ಲುತ್ತಾರೆ. ಅವಳು ಮೊದಲ ಸಲ ವೇದಿಕೆ ಹತ್ತುತ್ತಿದ್ದಾಳೆ ಎಂದು ತಿಳಿದರೆ ತಾನೇ ಸಾರಲೇಖ ತಿದ್ದಿಕೊಡಲು ಯಾರನ್ನಾದರೂ ಜೊತೆಗೆ ಹಾಕಲು ಸಾಧ್ಯ?

ಒಂದೇ ಬರಹವನ್ನು ಹಲವು ಕಡೆ ಓದುವವರು, ಒಪ್ಪಿಕೊಂಡು ಬಾರದೆ ಉಳಿಯುವವರು, ಇಪ್ಪತ್ತು ನಿಮಿಷಕ್ಕೆ ಐವತ್ತು ತೆಗೆದುಕೊಳ್ಳುವವರು, ಇವರನ್ನೆಲ್ಲ ಸಂಯೋಜಕ ನೆನಪಿನಲ್ಲಿಡಬೇಕಾಗುತ್ತದೆ. ಆ ನೆನಪೂ ಹೆಸರಿಗೇ ಅಂಟಿಕೊಂಡಿರುತ್ತದೆ.

ಎರಡು ದಿನದ ಸಂಕಿರಣದಲ್ಲಿ ಮೊದಲ ದಿನದ ಸಮಾನಾಂತರ ಗೋಷ್ಠಿಗಳಿಗೆ ಬೇಕಾದರೆ ಹೆಸರು ಮುಚ್ಚಿ ಆರಿಸಲಿ, ನನ್ನ ತಕರಾರಿಲ್ಲ. ಎರಡನೆಯ ದಿನ ಬೆಳಿಗ್ಗೆಯನ್ನು ಮಾತ್ರ ಬಿಡಬೇಕು. ತೋಟ, ಕಾಡು, ಹಾಡಿಗಳಿಂದ ಯಾರನ್ನು ಕರೆಯಬೇಕೆಂದು ಹೆಸರು ಹಿಡಿದೇ ಚರ್ಚಿಸಿ, ಅವರ ಮನೆಗೆ ಹೋಗಿ ಕೇಳಿ ಕರೆತರುವುದಕ್ಕೆ ಅದು ಬೇಕು.