ಪೆಟ್ರೋಲ್ ಹಾಕಿಸಲು ಹೋಗುವ ಕಾರು

ಸರ್ಕಾರದ ಲೆಕ್ಕದಲ್ಲಿ ಖಾಸಗಿ ಕಾರು 15 ವರ್ಷ ಮಾತ್ರ ಕಾರು. ಆಮೇಲೆ ಅದು ಅನುಮಾನಕ್ಕೆ ಒಳಗಾದ ವಸ್ತು. ಐದೈದು ವರ್ಷಕ್ಕೊಮ್ಮೆ ಆರ್‌ಟಿಒ ಎದುರು ನಿಂತು ಆರ್‌ಸಿ ನವೀಕರಿಸಿಕೊಳ್ಳಬೇಕು. ಅದರ ಶುಲ್ಕ 2022ರ ಮಾರ್ಚ್‌ವರೆಗೆ 600 ರೂಪಾಯಿ ಇತ್ತು, ಏಪ್ರಿಲ್‌ನಲ್ಲಿ 5,000 ಆಯಿತು. 2025ರ ಆಗಸ್ಟ್‌ನಲ್ಲಿ, 20 ವರ್ಷ ದಾಟಿದ ಕಾರಿಗೆ 10,000. ವಯಸ್ಸಾದದ್ದಕ್ಕೆ ದಂಡ. ಇಷ್ಟೆಲ್ಲ ಬೈಸಿಕೊಂಡು ಹೇಗೋ 50 ಮುಟ್ಟಿತೋ, ಅದೇ ಕಾರು ಇದ್ದಕ್ಕಿದ್ದಂತೆ 'ವಿಂಟೇಜ್', ರಾಷ್ಟ್ರದ ಪರಂಪರೆ! 49ನೇ ವರ್ಷದವರೆಗೂ ಗುಜರಿಗೆ ಹಾಕು ಎಂದವರೇ ಈಗ ಮುಟ್ಟಬೇಡ ಎನ್ನುತ್ತಾರೆ.

ತೀರ್ಥಹಳ್ಳಿ ಕಡೆಯ ನಮ್ಮ ಭಾವನ ಮನೆಯಲ್ಲಿ ಹೀಗೊಂದು ಪರಂಪರೆ ಇದೆ. 1974ರ ಕಾರು, ಪ್ರೀಮಿಯರ್‌ನವರು ಅದಕ್ಕೆ ಪದ್ಮಿನಿ ಎಂದು ಹೆಸರಿಟ್ಟ ಹೊಸತು. ಸ್ಟೇರಿಂಗ್ ಪಕ್ಕದಲ್ಲೇ ಗೇರು, ಮುಂದೆ ಉದ್ದ ಸೀಟು. ಆ ಸೀಟಿನಲ್ಲಿ ಮಾವನವರು, ಅತ್ತೆ, ನಡುವೆ ಒಂದು ಮಗು, ಹಿಂದಿನ ಸೀಟಿನಲ್ಲಿ ಉಳಿದ ವಂಶ, ಡಿಕ್ಕಿಯಲ್ಲಿ ಹಲಸಿನಹಣ್ಣು. ವರ್ಷಗಟ್ಟಲೆ ಕೊಟ್ಟಿಗೆ ಪಕ್ಕದ ಮಾಡಿನಡಿ ನಿಂತಿದ್ದ ಅದನ್ನು ಭಾವ ಈಗ ರಿಪೇರಿ ಮಾಡಿಸಿ ನಿಲ್ಲಿಸಿದ್ದಾನೆ. ಶಿವಮೊಗ್ಗದ ಮೆಕ್ಯಾನಿಕ್ ಕಾರ್ಬುರೇಟರ್ ಬಿಚ್ಚಿ ತೊಳೆದ. ಬ್ರೇಕಿನ ವೀಲ್ ಸಿಲಿಂಡರ್ ಹಿಡಿದುಕೊಂಡಿದ್ದವು, ಬದಲಾಯಿಸಿದ. ಶೇ 20 ಎಥೆನಾಲ್ ಇರುವ ಈಗಿನ ಪೆಟ್ರೋಲ್ ಹಳೇ ರಬ್ಬರನ್ನು ತಿನ್ನುತ್ತದೆಂದು ಪೈಪುಗಳನ್ನೂ ಹೊಸದು ಹಾಕಿದ. ಅಲ್ಲಿಯವರೆಗೆ ತಂಟೆಯಿಲ್ಲ.

ತಂಟೆ ಬಂದದ್ದು ತಳದ ತಗಡಿನಿಂದ. ಮಲೆನಾಡಿನ ಮಳೆ ಕುಡಿದ ಯಾವ ಕಾರಿಗೆ ತಾನೇ ಮೂಲ ತಳ ಉಳಿದಿದೆ? ಚಾಪೆ ಎತ್ತಿದರೆ ಅಂಗಳ ಕಾಣುತ್ತಿತ್ತು. ಟಿಂಕರಿಂಗ್ ಮಾಡಿಸದೆ ವಿಧಿಯಿರಲಿಲ್ಲ. ಆದರೆ 2021ರ ವಿಂಟೇಜ್ ನಿಯಮದ ಪ್ರಕಾರ ಕಾರು ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಅದನ್ನು ನೋಡಿ ತೀರ್ಮಾನಿಸಲು ಒಂದು ಸಮಿತಿ. ತಳ ಹಾಕಿಸಿದರೆ ಪರಂಪರೆಗೆ ಭಂಗ, ಹಾಕಿಸದಿದ್ದರೆ ಸಮಿತಿಯವರ ಕಾಲೇ ತೂತಿನಲ್ಲಿ ಇಳಿಯುತ್ತದೆ.

ಸರಿ, ಸಮಿತಿ ಒಪ್ಪಿತು ಎಂದೇ ಇಟ್ಟುಕೊಳ್ಳಿ. ಹೊಸ ವಿಂಟೇಜ್ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ. ಮಾಮೂಲಿ ನವೀಕರಣವಾದರೆ ಐದು ವರ್ಷಕ್ಕೆ 10,000. ಅಂದರೆ ಓಡಿಸಿದರೂ ವರ್ಷಕ್ಕೆ ಎರಡು ಸಾವಿರ, ನಿಲ್ಲಿಸಿದರೂ ಎರಡು ಸಾವಿರ! ನಿಲ್ಲಿಸುವುದು ಯಾಕೆಂದರೆ, ವಿಂಟೇಜ್ ಕಾರನ್ನು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಉತ್ಸವಮೂರ್ತಿಯ ಹಾಗೆ, ಹೊರಡಿಸಲು ಕಾರಣ ಬೇಕು. ಕಾರಣಗಳ ಪಟ್ಟಿಯನ್ನೂ ಅವರೇ ಕೊಟ್ಟಿದ್ದಾರೆ: ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ, ರಿಪೇರಿ ಮತ್ತು ಇಂಧನ ತುಂಬಿಸುವುದು.

ಈ ಕೊನೆಯದನ್ನು ನಾನು ಎರಡು ಸಲ ಓದಿದೆ. ಪೆಟ್ರೋಲ್ ಹಾಕಿಸಲು ಹೋಗಬಹುದು. ಹಾಕಿಸಿಕೊಂಡು ಮನೆಗೆ ಬರಬಹುದು. ಬಂದದ್ದರಲ್ಲಿ ಪೆಟ್ರೋಲ್ ಖರ್ಚಾಗಿರುತ್ತದಲ್ಲ, ಮತ್ತೆ ಹಾಕಿಸಲು ಹೋಗಬಹುದು. ಇದಕ್ಕೆ ಮಿತಿ ಹಾಕಿಲ್ಲ. ರಿಪೇರಿಯ ಬಾಬತ್ತೂ ಅಷ್ಟೇ. ಪದ್ಮಿನಿಯ ವಿಷಯದಲ್ಲಿ ಅದು ಸುಳ್ಳು ಕಾರಣವೂ ಆಗುವುದಿಲ್ಲ.

ಭಾವ ಮಾತ್ರ ತಲೆ ಕೆಡಿಸಿಕೊಂಡಿಲ್ಲ. "ಎಂತ ಮಾರಾಯ, ಕಾನೂನೇ ದಾರಿ ತೋರ್ಸಿದೆಯಲ್ಲ" ಎಂದು ಕೂತು ಲೆಕ್ಕ ಹಾಕಿದ್ದಾನೆ. ಅಡಿಕೆ ಧಾರಣೆ ಕೇಳಲು ಶಿವಮೊಗ್ಗಕ್ಕೆ ಹೋದರೆ ಅದು ರಿಪೇರಿ, ಹೇಗೂ ಮೆಕ್ಯಾನಿಕ್ ಇರುವುದು ಅಲ್ಲೇ. ಆಗುಂಬೆ ಘಾಟಿಯ 14 ತಿರುವು ಇಳಿದು ಉಡುಪಿಯ ನೆಂಟರ ಮನೆಗೆ ಹೋದರೆ ಬ್ರೇಕಿನ ತಾಂತ್ರಿಕ ಸಂಶೋಧನೆ. ವಾಪಸು ಹತ್ತುವಾಗ ರೇಡಿಯೇಟರಿನದು. 2025ರ ಜುಲೈಯಲ್ಲಿ ಉದ್ಘಾಟನೆಯಾದ ಶರಾವತಿ ಹಿನ್ನೀರಿನ ಸೇತುವೆ ಮೇಲೆ ಸಿಗಂದೂರಿಗೆ ಹೋಗುವುದು ಯಾವ ಬಾಬತ್ತಿಗೆ ಸೇರುತ್ತದೆಂದು ನಾನು ಕೇಳಿದೆ. "ದೇವಿ ನೋಡ್ತಾಳಲ್ಲ, ಪ್ರದರ್ಶನ" ಎಂದ.

ಅಕ್ಕನಿಗೆ ಇದ್ಯಾವುದೂ ಬೇಡ. ಮಗಳ ಮದುವೆಗೆ ಮದುಮಗಳು ಅಜ್ಜನ ಕಾರಲ್ಲೇ ಛತ್ರಕ್ಕೆ ಹೋಗಬೇಕು, ಅಷ್ಟೇ. ಅದಕ್ಕೆ ಭಾವ ಮದುವೆ ಕಾಗದದ ಕರಡಿನಲ್ಲಿ ಮುಹೂರ್ತದ ಕೆಳಗೆ ಒಂದು ಸಾಲು ಸೇರಿಸಿದ್ದಾನೆ: "ಅದೇ ದಿನ ಬೆಳಿಗ್ಗೆ 9ರಿಂದ ಪುರಾತನ ವಾಹನ ಪ್ರದರ್ಶನ. ಊಟ ಮುಗಿಸಿಯೇ ಹೋಗತಕ್ಕದ್ದು."